ಉಸಿರು ಹಿಡಿಯುವವರು ಸಮುದ್ರಕ್ಕೆ ಹೋದದ್ದು

ನಮ್ಮ ಮನೆಯಲ್ಲಿ ಐದೈದು ಕಿಲೋದ ಎರಡು ಡಂಬೆಲ್ಸ್ ಇವೆ. ಒಂದು ಹಿತ್ತಲ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಅದಕ್ಕೆ ಆನಿಕೊಂಡು ಕೂತಿರುತ್ತದೆ. ಇನ್ನೊಂದು ಹಾಲಿನ ಪಾತ್ರೆ ಮುಚ್ಚಿದ ತಟ್ಟೆಯ ಮೇಲೆ ಬೆಕ್ಕಿನ ವಿರುದ್ಧ ಕಾವಲು ಕಾಯುತ್ತದೆ. ಮನೆಗೆ ಬಂದ ಬೀಗರು ಕೇಳುವುದುಂಟು, "ಯಾರ ಎತ್ತತಾರ್ರಿ ಇವನ್ನ?" ಎಂದು. "ನಾನರಿ, ಕಸಾ ಹೊಡಿಯೂಮುಂದ" ಎನ್ನುತ್ತೇನೆ. ಖರೆ ಮಾತೂ ಅದೇ. ಆ ಕಬ್ಬಿಣ ನಮ್ಮ ಮನೆಗೆ ಬಂದ ಮೇಲೆ ಅದರಿಂದ ರಟ್ಟೆ ಗಟ್ಟಿಯಾದದ್ದು ಯಾರದಾದರೂ ಇದ್ದರೆ ಅದು ನನ್ನದೇ.

ಅವನ್ನು ತಂದವರು ನಮ್ಮ ಮನೆಯವರು. ಗೋಕಾಕದ ಪೇಟೆಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ. ದಿನವಿಡೀ ಗಾದಿಯ ಮೇಲೆ ಕೂತು, ಮೇಲಿನ ಖಾನೆಯ ಸೀರೆಯನ್ನು ಆಳಿನಿಂದ ಇಳಿಸಿ, ಗಿರಾಕಿ ಎದ್ದು ಹೋದ ಮೇಲೆ ಆಳಿನಿಂದಲೇ ಏರಿಸುವ ಕೆಲಸ. ಐವತ್ತು ದಾಟುವವರೆಗೆ ಅವರ ಮೈಗೆ ಯಾವ ತಕರಾರೂ ಇರಲಿಲ್ಲ; ಆಮೇಲೆ ಬಿಪಿ ಬಂತು, ದಿನಕ್ಕೊಂದು ಗುಳಿಗೆ ಬಂತು. ಬೆಳಗಿನ ಚಹಾದ ಬಶಿಯ ಅಂಚಿಗೆ ಆ ಗುಳಿಗೆ ಇಟ್ಟು ಕೊಡುವುದು ನನ್ನ ಕೆಲಸ. ಹೀಗೇ ಸಾಗಬಹುದಿತ್ತು. ಆದರೆ ಹುಕ್ಕೇರಿಯ ದಸ್ತಗೀರ್ ಭಾಯಿ ಒಂದು ಫೋಟೋ ಕಳಿಸಿದರು.

ದಸ್ತಗೀರ್ ಭಾಯಿ ನಮ್ಮವರ ಹಳೆಯ ದೋಸ್ತ. ಹುಕ್ಕೇರಿಯಲ್ಲಿ ಪೈಪು, ಮೋಟರಿನ ಅಂಗಡಿ ಇಟ್ಟವರು. ಅಳಿಯನ ಜೊತೆ ಅಂಡಮಾನಿಗೆ ಹೋಗಿ ಸಮುದ್ರದ ತಳಕ್ಕೆ ಇಳಿದು ಬಂದಿದ್ದರು. ಫೋಟೋದಲ್ಲಿ ಕರಿ ರಬ್ಬರಿನ ಅಂಗಿ, ಕಣ್ಣಿಗೆ ಗಾಜು, ಬಾಯಿಗೆ ನಳಿಗೆ, ಬೆನ್ನಿಗೆ ಗಾಳಿಯ ಸಿಲಿಂಡರು, ಸುತ್ತಲೂ ಹಳದಿ ಮೀನು. ನಡುವೆ ದಸ್ತಗೀರ್ ಭಾಯಿ ಬಲಗೈ ಹೆಬ್ಬೆರಳು ಎತ್ತಿ, ಚುನಾವಣೆ ಗೆದ್ದವರಂತೆ ನಿಂತಿದ್ದರು. ನಮ್ಮವರು ಆ ಫೋಟೋವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ, ಸಣ್ಣದು ಮಾಡಿ, ರೊಟ್ಟಿ ಆರುವವರೆಗೂ ನೋಡಿದರು.

"ಇಂವಾ? ಘಟಪ್ರಭಾ ಕಾಲುವ್ಯಾಗ ಕಾಲ ತೊಳಿಯಾಕ ಅಂಜತಿದ್ದ ಮಗಾ ಇಂವಾ! ಇಂವಾ ಇಳಿತಾನಂದ್ರ ನಾ ಯಾಕ ಇಳಿಬಾರ್ದು?"

"ಇಳೀರಿ, ಯಾರ ಬ್ಯಾಡಂದಾರ? ಮೊದಲ ಆ ರೊಟ್ಟಿ ಇಳಸ್ರಿ" ಅಂದೆ.

ಮರುದಿನವೇ ಅವರು ಜಿಮ್ಮಿಗೆ ಹೆಸರು ಹಚ್ಚಿ ಬಂದರು. ಸಮುದ್ರಕ್ಕೂ ಜಿಮ್ಮಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಕೇಳಿದೆ. "ನೀರಾಗ ಇಳಿಯಾಕ ಬಾಡಿ ಫಿಟ್ ಇರಬೇಕಾಗ್ತೈತಿ" ಎಂದರು. ಮಾತು ಸರಿಯೇ. ಫಿಟ್ ಎಂದರೆ ಏನು ಎಂಬಲ್ಲಿ ಮಾತ್ರ ಎಡವಿದರು. ನಮ್ಮ ಗಂಡಸರ ಲೆಕ್ಕದಲ್ಲಿ ಅದು ತೋಳಿನಲ್ಲಿರುವ ವಸ್ತು. ಅಂಗಿಯ ತೋಳು ಬಿಗಿಯಾದರೆ ಮನುಷ್ಯ ಫಿಟ್. ಹೊಟ್ಟೆ ಬೇರೆ ವಿಷಯ, ಅದು ಮನೆತನದ ಗುರುತು.

ಜಿಮ್ಮಿನಲ್ಲಿ ಒಬ್ಬ ಕಲಿಸುವ ಹುಡುಗನಿದ್ದ. ಅವನ ಮಾತು ನಮ್ಮ ಮನೆಯಲ್ಲಿ ಶಾಸನವಾಯಿತು. ಅವನು ಕೋಳಿ ತತ್ತಿ ತಿನ್ನಿ ಎಂದ. ತತ್ತಿ ನಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲವಾದ್ದರಿಂದ ಮಡಿಕೆಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವ ಕೆಲಸ ನನಗೆ ಬಿತ್ತು. ಡಬ್ಬಿಯ ಪುಡಿಯೊಂದನ್ನು ಹಾಲಿಗೆ ಹಾಕಿ ಕುಡಿಯಿರಿ ಎಂದ. ಡಬ್ಬಿಯ ಮೇಲಿದ್ದ ಚಿತ್ರದ ಮನುಷ್ಯನಿಗೆ ಕುತ್ತಿಗೆಯೇ ಇರಲಿಲ್ಲ. ನಮ್ಮವರು ಅಂಗಡಿಯ ಟ್ರಯಲ್ ಕನ್ನಡಿಯ ಮುಂದೆ ನಿಂತು ಕೈ ಮಡಿಚಿ ನೋಡಿಕೊಳ್ಳತೊಡಗಿದರು. ಸೀರೆ ನೋಡಲು ಬಂದ ಕುಲಗೋಡದ ಹೆಂಗಸೊಬ್ಬಳು, "ಸಾವ್ಕಾರ್ರ, ಕೈ ಉಳುಕೇತೇನ್ರಿ? ನಮ್ಮೂರಾಗ ಚಲೋ ತಿಕ್ಕವರು ಅದಾರ್ರಿ" ಅಂದಳಂತೆ.

ನನಗೆ ಒಂದು ಚಟವಿದೆ. ಮನೆಯಲ್ಲಿ ಯಾವುದು ಎಲ್ಲಿದೆ, ಯಾವುದು ಎಷ್ಟು ಸವೆದಿದೆ ಎಂಬುದರ ಮೇಲೆ ಕಣ್ಣಿಡುವುದು. ಸಾಬೂನು ಎಷ್ಟು ತೆಳುವಾಯಿತು, ಜೋಳದ ಹಿಟ್ಟು ಎಲ್ಲಿಗೆ ಇಳಿಯಿತು, ಯಾರ ಚಪ್ಪಲಿಯ ಹಿಮ್ಮಡಿ ಯಾವ ಕಡೆ ಸವೆಯಿತು. ಆ ಕಣ್ಣಿಗೆ ಆ ದಿನಗಳಲ್ಲಿ ಬೇರೆ ಸಂಗತಿಗಳೂ ಬಿದ್ದವು. ಜಿಮ್ಮಿನಲ್ಲಿ ಕಬ್ಬಿಣ ಎತ್ತಿ ಬಂದ ಮನುಷ್ಯ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಮೊಬೈಲು ತೆಗೆದು ನೋಡುತ್ತಿದ್ದರು. ನೋಡಲು ಅದರಲ್ಲಿ ಏನೂ ಇರುತ್ತಿರಲಿಲ್ಲ. ದಮ್ಮು ಹತ್ತಿದ್ದನ್ನು ಮುಚ್ಚಲು ಅದೊಂದು ಉಪಾಯ. ಇನ್ನೊಂದು, ನೋವಿನ ಮುಲಾಮಿನ ಬಾಟಲಿ ಬೇಗ ಬೇಗ ಖಾಲಿಯಾಗುತ್ತಿತ್ತು. ಅವರು ಅದನ್ನು ತೋಳಿಗೆ ಹಚ್ಚುತ್ತಿರಲಿಲ್ಲ, ಎದೆಯ ಎಡಭಾಗಕ್ಕೆ ಹಚ್ಚಿ ತಿಕ್ಕುತ್ತಿದ್ದರು.

"ಯಾಕ್ರಿ, ಎದಿ ನೋಯತೈತೇನು?"

"ಅದು ಚೆಸ್ಟ್ ಎಕ್ಸರ್‌ಸೈಜಿಂದು. ನಿನಗ ತಿಳಿಯೂದಿಲ್ಲ. ನೋವ ಬಂದ್ರನ ಬಾಡಿ ಬೆಳಿತೈತಿ."

ಹೀಗೆ ನಮ್ಮ ಮನೆಯಲ್ಲಿ ನೋವೂ ಒಂದು ಸಾಧನೆಯಾಯಿತು.

ದಸ್ತಗೀರ್ ಭಾಯಿ ತಾವೂ ಮತ್ತೊಮ್ಮೆ ಇಳಿಯುತ್ತೇನೆಂದರು. ಇವರಿಬ್ಬರ ಜೊತೆಗೆ ಮೂರನೆಯವನೊಬ್ಬ ಸಿದ್ಧನಾದ. ಕುಲಗೋಡದ ಮಲ್ಲಪ್ಪ, ನಮ್ಮವರ ಚಿಕ್ಕಪ್ಪನ ಮಗ, ನನಗೆ ಮೈದುನ. ಕಬ್ಬು ಬೆಳೆಯುವವನು, ಹಬ್ಬದಲ್ಲಿ ಗುಂಡುಕಲ್ಲು ಎತ್ತುವವನು. ಅವನ ನಿಜವಾದ ಕೀರ್ತಿ ಮಾತ್ರ ಬಾವಿಯಲ್ಲಿ. ನೀರಿನಡಿ ಉಸಿರು ಹಿಡಿದು ಕೂರುವುದರಲ್ಲಿ ಸುತ್ತಲ ಹಳ್ಳಿಗಳಲ್ಲಿ ಅವನನ್ನು ಮೀರಿಸಿದವರಿಲ್ಲ.

ನಮ್ಮ ಕಡೆಯ ಬಾವಿಯ ಸಂಗತಿ ಸ್ವಲ್ಪ ಹೇಳಬೇಕು. ನನ್ನ ತವರು ತುಕ್ಕಾನಟ್ಟಿ. ನಮ್ಮ ಹೊಲದ ಬಾವಿಯಲ್ಲಿ ಕಾಕಾ ನಮಗೆಲ್ಲ ಈಸು ಕಲಿಸಿದ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಒಂದು ಮಾತೂ ಆಡದೆ ಮೇಲಿನಿಂದ ದೂಡಿಬಿಡುತ್ತಿದ್ದ. ಬುರುಡೆ ನಮ್ಮನ್ನು ಮೇಲಕ್ಕೆತ್ತುತ್ತಿತ್ತು, ಹೆದರಿಕೆ ಕೈಕಾಲು ಬಡಿಸುತ್ತಿತ್ತು, ಈಸು ಬರುತ್ತಿತ್ತು. ಈಸು ಬಂದ ಮೇಲಿನ ವಿದ್ಯೆ ಮುಳುಗಿ ಕೂರುವುದು. ಕೆನ್ನೆ ಉಬ್ಬಿಸಿ, ಮೂಗು ಹಿಡಿದು, ತಳದ ಕಲ್ಲು ಅಪ್ಪಿಕೊಂಡು ಕೂರಬೇಕು. ಮೇಲೆ ಉಳಿದವರು ಒಂದು, ಎರಡು ಎಂದು ಕೂಗಬೇಕು. ಯಾವನು ಕಡೆಗೆ ಎದ್ದನೋ ಅವನೇ ಗಂಡಸು. ಉಸಿರು ಬಿಟ್ಟವನು ಸೋತ ಎಂಬುದು ನಮ್ಮ ಮಂದಿಯ ರಕ್ತದಲ್ಲಿ ಇಳಿದಿರುವುದು ಹೀಗೆ. ನನ್ನ ಅಣ್ಣನೊಬ್ಬ ಹಾಗೆ ಕೂತು, ಮೂಗಿನಲ್ಲಿ ರಕ್ತ ಬಂದು, ಅದೇ ಮೂಗನ್ನು ಸಂಜೆಯವರೆಗೆ ಎಲ್ಲರಿಗೂ ತೋರಿಸುತ್ತ ತಿರುಗಿದ್ದ.

ಮಲ್ಲಪ್ಪ ತಾಲೀಮು ಶುರು ಮಾಡಿದ. ದಿನಾ ಬೆಳಗ್ಗೆ ಬಾವಿ. ನಮ್ಮವರಿಗೆ ಫೋನು ಮಾಡಿ, "ಅಣ್ಣಾ, ಇವತ್ತ ನಿನ್ನೆಕ್ಕಿಂತ ಜಾಸ್ತಿ ಹಿಡದ್ನಿ!" ಎನ್ನುತ್ತಿದ್ದ. ಇವರು ಮಂಚದ ಮೇಲೆ ಕೂತು ತಾವೂ ಮೂಗು ಹಿಡಿಯುತ್ತಿದ್ದರು. ಮುಖ ಗಜ್ಜರಿಯಂತೆ ಕೆಂಪಾದಾಗ ನಾನು ಪಾತ್ರೆ ಕುಕ್ಕುತ್ತಿದ್ದೆ, ಬಿಟ್ಟುಬಿಡುತ್ತಿದ್ದರು.

ಚಳಿಗಾಲ ಬಂತು. ಮುರುಡೇಶ್ವರದ ಕಡೆ ಹೊರಟೆವು: ಮೂವರು ಗಂಡಸರು, ಜೊತೆಗೆ ನಾನು. ನನ್ನನ್ನು ಯಾಕೆ ಕರೆದರು ಎಂದು ಕೇಳಬೇಡಿ; ಟವೆಲ್ಲು, ಚಟ್ನಿಪುಡಿ, ಒಣ ಬಟ್ಟೆ ಯಾವ ಚೀಲದಲ್ಲಿದೆ ಎಂದು ಹೇಳುವವರು ಬೇಕಲ್ಲ. ಎರಡು ಡಬ್ಬಿ ಕರದಂಟೂ ಇತ್ತು, ಸಮುದ್ರದವರಿಗೆ ಕೊಡಲೆಂದು. ಅರ್ಧ ಡಬ್ಬಿ ಘಟ್ಟ ಇಳಿಯುವುದರೊಳಗೆ ನಮ್ಮವರೇ ಮುಗಿಸಿದರು. ಶಕ್ತಿಗೆಂದು.

ಅಲ್ಲಿ ಮೊದಲ ದಿನ ಈಜುಕೊಳದಲ್ಲಿ ಪಾಠ. ಕಲಿಸುವವಳು ಸುನೀತಾ ಎಂಬ ಕರಾವಳಿಯ ಹೆಣ್ಣುಮಗಳು. ಮೂವತ್ತು ಮುಟ್ಟಿದ್ದಳೋ ಇಲ್ಲವೋ. ಹೆಣ್ಣುಮಗಳು ಎಂದು ಕಂಡೊಡನೆ ಮೂವರೂ ಹೊಟ್ಟೆ ಒಳಗೆಳೆದುಕೊಂಡರು. ದಸ್ತಗೀರ್ ಭಾಯಿ ತಾವು ಹಳಬರೆಂದು ತೋರಿಸಲು ಮೊಬೈಲು ತೆಗೆದು ಆ ಫೋಟೋ ಕೊಟ್ಟರು.

ಅವಳು ನೋಡಿದಳು. "ಹೆಬ್ಬೆರಳು ಯಾಕೆ ಎತ್ತಿದ್ದೀರಿ ಸರ್?"

"ಎಲ್ಲಾ ಚಲೋ ಐತಿ ಅಂತ್ರಿ."

"ನೀರಿನ ಕೆಳಗೆ ಹೆಬ್ಬೆರಳು ಎತ್ತಿದರೆ, ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋಗು ಅಂತ ಅರ್ಥ. ಚೆನ್ನಾಗಿದ್ದೀನಿ ಅನ್ನೋಕೆ ಹೀಗೆ, ಎರಡು ಬೆರಳಿನ ತುದಿ ಸೇರಿಸಿ ಸುತ್ತು ಮಾಡಿ ತೋರಿಸಬೇಕು. ಈ ಫೋಟೋ ಆದ ಮೇಲೆ ನಿಮ್ಮನ್ನು ಮೇಲೆ ತಂದರಾ?"

ದಸ್ತಗೀರ್ ಭಾಯಿ ಮೊಬೈಲನ್ನು ಕಿಸೆಗೆ ಇಳಿಸಿದರು. "ಹೂಂರಿ. ಗಡಬಡಿಸಿ ತಂದ್ರು. ಟೈಮ್ ಮುಗದಿರಬೇಕು ಅನ್ಕೊಂಡಿದ್ನಿ."

ನಮ್ಮವರು ಅಷ್ಟು ನಕ್ಕಿದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು. "ಆರು ತಿಂಗಳಿಂದ ಊರ ತುಂಬ 'ಕಾಪಾಡ್ರೋ' ಅನ್ನೂ ಫೋಟೋ ಕಳಸ್ಯಾನಲೇ ಇಂವಾ!"

ನಗು ಮುಗಿಯುವುದರೊಳಗೆ ಮಲ್ಲಪ್ಪನ ಸರದಿ. ಬಾಯಿಗೆ ನಳಿಗೆ ಕೊಟ್ಟು ಕೊಳದ ತಳಕ್ಕೆ ಕರೆದೊಯ್ದರು. ಸಿಲಿಂಡರಿನಲ್ಲಿ ಗಾಳಿ ತುಂಬಿದೆ, ನಳಿಗೆ ಬಾಯಲ್ಲಿದೆ, ನಮ್ಮ ಮೈದುನ ಮಾತ್ರ ಕೆನ್ನೆ ಉಬ್ಬಿಸಿ ಉಸಿರು ಕಟ್ಟಿ ಕೂತಿದ್ದಾನೆ! ಒಂದು ಗುಳ್ಳೆ ಏಳುತ್ತಿಲ್ಲ. ಸುನೀತಾ ಸನ್ನೆ ಮಾಡಿದಳು, ಭುಜ ತಟ್ಟಿದಳು. ಇವನು ಬೆರಳು ಸುತ್ತಿ 'ಚಲೋ ಐತಿ' ಎಂದು ತೋರಿಸುತ್ತ, ಬಾವಿಯಲ್ಲಿ ಗೆಲ್ಲುವವನ ಹಾಗೆ ಕಣ್ಣರಳಿಸಿ ಕೂತ. ಮೇಲೆ ತಂದೊಡನೆ ಆ ಹುಡುಗಿ ಸಿಟ್ಟಿನಿಂದ ಅವನ ಬಾಯಿಯ ನಳಿಗೆ ಕಿತ್ತಳು.

"ಉಸಿರು ಹಿಡಿಬೇಡಿ ಅಂತ ಎಷ್ಟು ಸಲ ಹೇಳಿದೆ?"

"ಬಾಯಾರ, ಇದೇನೂ ಅಲ್ಲ ಬಿಡ್ರಿ. ಇನ್ನೂ ಇದರ ಎರಡ ಪಟ್ಟ ಹಿಡಿತೇನಿ ನಾ."

"ಸಮುದ್ರದಲ್ಲಿ ಹೀಗೆ ಉಸಿರು ಹಿಡಿದು ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತೆ. ಹಿಗ್ಗಲಿಕ್ಕೆ ಜಾಗ ಬೇಕಲ್ಲ ಅದಕ್ಕೆ? ಇಲ್ಲಿ ಗೆಲ್ಲೋದು ಏನೂ ಇಲ್ಲ. ಒಳಗೆ ತಗೊಳ್ಳಿ, ಹೊರಗೆ ಬಿಡಿ, ಅಷ್ಟೇ."

ಮಲ್ಲಪ್ಪ ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದ, "ವೈನಿ, ಉಸರಾಡಾಕ ಇಷ್ಟ ದೂರ ಬರಬೇಕಿತ್ತೇನ್ರಿ?" ಆದರೂ ಕಲಿತ. ಎತ್ತಿಗೆ ಹೊಸ ದಾರಿ ಕಲಿಸಿದಷ್ಟು ಹೊತ್ತು ಹಿಡಿಯಿತು.

ಮರುದಿನ ಬೆಳಗ್ಗೆ ದೋಣಿ. ಹೊರಡುವ ಮುನ್ನ ಲಾಡ್ಜಿನ ಕೋಣೆಯಲ್ಲಿ ಚೀಲ ಜೋಡಿಸುತ್ತಿದ್ದೆ. ನಮ್ಮವರ ಶೇವಿಂಗ್ ಸಾಮಾನಿನ ಅಡಿಯಲ್ಲಿ ಏನೋ ಕೈಗೆ ತಾಗಿತು. ಕಾಗದದಲ್ಲಿ ಸುತ್ತಿದ ಬಿಡಿ ಬಿಪಿ ಗುಳಿಗೆಗಳ ಒಂದು ಗಂಟು. ನಾನು ದಿನಾ ಬಶಿಯ ಅಂಚಿಗೆ ಇಟ್ಟವು. ಒಂದನ್ನೂ ನುಂಗಿಲ್ಲ. ಎಸೆಯಲು ಮನಸ್ಸು ಬಾರದೆ, ವ್ಯಾಪಾರಸ್ಥರಲ್ಲವೇ, ಕೂಡಿಟ್ಟಿದ್ದರು.

"ಏನ್ರಿ ಇದು?"

ಅವರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಜಿಮ್ಮಿನ ಹುಡುಗ ಅಂದಾನ, ಎಕ್ಸರ್‌ಸೈಜ್ ಶುರು ಮಾಡಿದ ಮ್ಯಾಲ ಗುಳಗಿ ಬೇಕಾಗೂದಿಲ್ಲಂತ. ಬಿಪಿ ತಾನ ಓಡಿ ಹೋಗ್ತೈತಂತ."

"ಆ ಹುಡುಗಗ ಮೀಸಿ ಇನ್ನೂ ಪೂರಾ ಬಂದಿಲ್ಲ. ಡಾಕ್ಟರ್ ಕೇಳೀರೇನು? ಎದಿ ಬ್ಯಾರೆ ತಿಕ್ಕೋತೀರಿ..."

"ಏ, ಸುಮ್ಮನಿರ. ಅಲ್ಲಿ ಮಂದಿ ಮುಂದ ಬಾಯಿ ಬಿಟ್ಟಿ ಅಂದ್ರ ನೋಡ ಮತ್ತ. ದಸ್ತಗೀರ ಇಡೀ ಹುಕ್ಕೇರಿಗೆ ಡಂಗುರಾ ಹೊಡಿತಾನ."

ದೋಣಿ ಹೊರಟಿತು. ನನ್ನ ಮಡಿಲಲ್ಲಿ ಟವೆಲ್ಲು, ಟವೆಲ್ಲಿನೊಳಗೆ ಆ ಗಂಟು. ಮೂವರೂ ಹುಮ್ಮಸ್ಸಿನಲ್ಲಿದ್ದರು. ಮಲ್ಲಪ್ಪ ಮೈ ಬಿಸಿಯಾಗಲೆಂದು ದೋಣಿಯಲ್ಲೇ ಬೈಠಕ್ ಹೊಡೆಯಲು ನಿಂತ. "ಕೂತ್ಕೊಳ್ಳಿ ಸರ್! ಈಗಲೇ ದಣಿದರೆ ಕೆಳಗೆ ಗಾಳಿ ಬೇಗ ಮುಗಿಯುತ್ತೆ" ಎಂದು ಸುನೀತಾ ಕೂರಿಸಿದಳು. ನಡುಗಡ್ಡೆಯ ಹತ್ತಿರ ಲಂಗರು ಹಾಕಿದ ಮೇಲೆ ಮೂವರನ್ನೂ ಎದುರಿಗೆ ಕೂರಿಸಿಕೊಂಡು ಕೊನೆಯ ಸಲ ಕೇಳಿದಳು. ಹಿಂದಿನ ದಿನವೂ ಕೇಳಿದ್ದಳಂತೆ, ನಾನು ಆಗ ಟವೆಲ್ಲು ಹಿಂಡುತ್ತಿದ್ದೆ.

"ಯಾರಿಗಾದರೂ ಬಿಪಿ, ಶುಗರ್, ಹೃದಯದ ತೊಂದರೆ, ಉಬ್ಬಸ ಇದೆಯಾ? ಎದೆನೋವು? ಯಾವುದಾದರೂ ಮಾತ್ರೆ?"

ನಮ್ಮ ಕಡೆಯವರನ್ನು ನಾಲ್ಕು ಜನರ ಎದುರು ಹೀಗೆ ಕೇಳಿದರೆ ಏನು ಉತ್ತರ ಬರುತ್ತದೆಂದು ಆ ಹುಡುಗಿಗೆ ಹೇಗೆ ಗೊತ್ತಿರಬೇಕು? ನಮ್ಮಲ್ಲಿ ಸಲಾಯಿನ್ ಏರಿಸಿಕೊಂಡು ದವಾಖಾನೆಯ ಮಂಚದ ಮೇಲೆ ಬಿದ್ದವನನ್ನೂ ಮೊದಲು "ಆರಾಮ ಅದೀರಿ?" ಎಂದೇ ಕೇಳುತ್ತೇವೆ. ಅವನೂ "ಆರಾಮ್ರಿ, ನೀವು?" ಎನ್ನುತ್ತಾನೆ. ಇನ್ನು ಕುದುರೆಯಂತೆ ಸಿಂಗರಿಸಿಕೊಂಡು ಕೂತವರು ಬೇರೆ ಏನು ಹೇಳಿಯಾರು?

"ಏನಿಲ್ರಿ, ಆರಾಮ್" ಎಂದ ಮಲ್ಲಪ್ಪ.

"ಅಲ್ಲಾನ ದಯಾದಿಂದ ಆರಾಮ್" ಎಂದರು ದಸ್ತಗೀರ್ ಭಾಯಿ.

ನಮ್ಮವರು ಎದೆ ಉಬ್ಬಿಸಿದರು. "ನಾ ದಿನಾ ಜಿಮ್ಮಿಗೆ ಹೋಗಾಂವ್ರಿ. ನಂದೇನ ಕೇಳ್ತೀರಿ? ಫುಲ್ ಫಿಟ್."

ಒಂದು ಕಡೆ ಅವರ ಮರ್ಯಾದೆ. ಇನ್ನೊಂದು ಕಡೆ ಟವೆಲ್ಲಿನೊಳಗಿನ ಗಂಟು. ಮೂವತ್ತು ವರ್ಷದ ಸಂಸಾರದಲ್ಲಿ ಹೊರಗಿನವರ ಎದುರು ನಾನು ಅವರ ಮಾತಿಗೆ ಎದುರು ಹೇಳಿದವಳಲ್ಲ. ಎದುರು ಹೇಳುವುದನ್ನೆಲ್ಲ ಮನೆಗೆ ಬಂದು ಬಾಗಿಲು ಹಾಕಿ ಹೇಳಿದ್ದೇನೆ. ಆದರೆ ಈ ಸಲ ಮನೆಗೆ ಬರುವವರೆಗೆ ತಡೆಯುವ ಹಾಗಿರಲಿಲ್ಲ. ಆಗಲೇ ದೋಣಿಯ ಹುಡುಗರು ಅವರ ಬೆನ್ನಿಗೆ ಸಿಲಿಂಡರು ಕಟ್ಟಲು ಬರುತ್ತಿದ್ದರು. ನಾನು ಎದ್ದು ಹೋಗಿ ಟವೆಲ್ಲು ಬಿಚ್ಚಿ ಆ ಹುಡುಗಿಯ ಮುಂದೆ ಹಿಡಿದೆ.

"ತಂಗಿ, ಇವರಿಗೆ ಬಿಪಿ ಐತಿ. ಗುಳಗಿ ಬಿಟ್ಟಾರ. ಮೆಟ್ಟಲಾ ಹತ್ತೂಮುಂದ ದಮ್ಮ ಹತ್ತತೈತಿ, ಎದಿ ನೋಯತೈತಿ. ಇವರನ್ನ ಇಳಸಬ್ಯಾಡ."

ಇವರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ.

ಸುನೀತಾ ಸಿಟ್ಟು ಮಾಡಲಿಲ್ಲ. ಅವರ ಸೊಂಟದ ಪಟ್ಟಿ ತಾನೇ ಬಿಚ್ಚಿದಳು. "ಸರ್, ನೀರಿಗೆ ಇಳಿದ ಕೂಡಲೇ ಕೈಕಾಲಿನ ರಕ್ತ ಎದೆ ಕಡೆ ನುಗ್ಗುತ್ತೆ. ಸುಮ್ಮನೆ ತೇಲುತ್ತಿದ್ದರೂ ಹೃದಯಕ್ಕೆ ಕೆಲಸ ಜಾಸ್ತಿ. ಕೆಳಗೆ ಎದೆ ಹಿಡಿದುಕೊಂಡರೆ ನಾನು ಏನು ಮಾಡಲಿ? ನನಗೆ ನಿಮ್ಮ ತೋಳು ಬೇಡ, ನಿಮ್ಮ ಹೃದಯ ಮತ್ತು ದಮ್ಮು ಸರಿ ಇರಬೇಕು. ಇವತ್ತು ನೀವು ಇಳಿಯೋ ಹಾಗಿಲ್ಲ. ಊರಿಗೆ ಹೋದ ಕೂಡಲೇ ಹೃದಯದ ಡಾಕ್ಟರಿಗೆ ತೋರಿಸಿ."

"ನನ್ನ ಮರ್ಯಾದಿ ಸಮುದ್ರದಾಗ ಒಗದಿ" ಎಂದರು ಇವರು ನನಗೆ.

"ನಿಮ್ಮನ್ನ ಒಗಿಲಿಲ್ಲಲ್ಲ" ಅಂದೆ.

ಆಗ ದಸ್ತಗೀರ್ ಭಾಯಿ ಕೆಮ್ಮಿದರು. ತಮ್ಮ ಕಣ್ಣಿನ ಗಾಜನ್ನು ಹಣೆಗೆ ಸರಿಸಿ, ಸುನೀತಾಳ ಕಡೆ ನೋಡದೆ, ಸಮುದ್ರಕ್ಕೆ ಹೇಳುವವರಂತೆ ಹೇಳಿದರು. "ನನಗೂ ಸಕ್ಕರಿ ಐತ್ರಿ ಬಾಯಾರ. ಮೂರ ವರ್ಷ ಆತು. ಹ್ವಾದ ಸಲಾನೂ ಹೇಳಿರಲಿಲ್ಲ."

"ಲೇ ದಸ್ತ್ಯಾ!" ಎಂದರು ನಮ್ಮವರು.

"ಏನ ಲೇ ಅಂತೀಯೋ? ಕರದಂಟ ನೀ ಒಬ್ಬಾವನ ತಿಂದೀ ಅಂತ ಮಾಡೀಯೇನು? ಭಾಭೀ, ಮನ್ಯಾಗ ಹೇಳಬ್ಯಾಡ್ರಿ."

ಸುನೀತಾ ಅವರ ಪಟ್ಟಿಯನ್ನೂ ಬಿಚ್ಚಿಸಿದಳು. ಕಡೆಗೆ ಸಮುದ್ರಕ್ಕೆ ಇಳಿದವನು ಮಲ್ಲಪ್ಪನೊಬ್ಬನೇ. ಅವನ ಗುಳ್ಳೆಗಳು ಏಳುತ್ತಲೇ ಇದ್ದುದನ್ನು ನಾನು ಕಟಾಂಜನ ಹಿಡಿದು ನೋಡುತ್ತಿದ್ದೆ. ಮೇಲೆ ಬಂದಾಗ ಅವನ ಮುಖ ಬೇರೆಯೇ ಆಗಿತ್ತು. ಬಾಯಿ ತೆರೆದರೆ ಬರೀ ನಗು. ಆ ಹಿಗ್ಗಿನಲ್ಲಿ ಅಲ್ಲಿದ್ದ ಎರಡು ಸಿಲಿಂಡರುಗಳನ್ನು ಒಂದೊಂದು ಕೈಯಲ್ಲಿ ಎತ್ತಿ ತೋರಿಸಲು ಹೋದ. "ಇಳಿಸಿ ಕೆಳಗೆ! ಮುಳುಗಿ ಬಂದ ಮೇಲೆ ಭಾರ ಎತ್ತಬಾರದು. ನೀರು ಕುಡಿದು ಸುಮ್ಮನೆ ಕೂತ್ಕೊಳ್ಳಿ. ಮೈಯೊಳಗೆ ಸೇರಿದ ಗಾಳಿ ನಿಧಾನವಾಗಿ ಹೊರಗೆ ಹೋಗಬೇಕು" ಎಂದು ಮತ್ತೆ ಬೈಸಿಕೊಂಡ. ಇಡೀ ಪ್ರವಾಸದಲ್ಲಿ ನಮ್ಮ ಗುಂಡುಕಲ್ಲಿನ ವೀರನಿಗೆ ಸಿಕ್ಕ ಪಾಠ ಒಂದೇ: ಸುಮ್ಮನೆ ಕೂರು.

"ನೀವು ಇಳೀತೀರಾ ಅಮ್ಮಾ?" ಎಂದು ಸುನೀತಾ ನನ್ನನ್ನು ಕೇಳಿದಳು.

"ಇವರಿಬ್ಬರನ್ನ ದಂಡಿಗೆ ಮುಟ್ಟಸೂದ ನನಗ ಸಾಕಾಗೈತಿ ತಂಗಿ" ಅಂದೆ.

ಊರಿಗೆ ಬರುವ ದಾರಿಯಲ್ಲಿ ನಮ್ಮವರು ಡ್ರೈವರನ ಬಾಜೂ ಕೂತರು. ನನ್ನ ಜೊತೆ ಮಾತಿಲ್ಲ. ಚಹಾ ಬೇಕಾದರೆ ಮಲ್ಲಪ್ಪನಿಗೆ ಹೇಳುವರು, ಮಲ್ಲಪ್ಪ ನನಗೆ ಹೇಳುವನು, ಫ್ಲಾಸ್ಕು ನನ್ನ ಕೈಯಲ್ಲಿ. ಮನೆಗೆ ಬಂದ ಮೇಲೂ ಹಾಗೇ. ಅನ್ನ ಬೇಕೆಂಬುದನ್ನು ತಟ್ಟೆಗೆ ಹೇಳುತ್ತಿದ್ದರು. ನನ್ನದೇನೂ ಅವಸರವಿರಲಿಲ್ಲ. ಗುಳಿಗೆಯನ್ನು ಮಾತ್ರ ಬಶಿಯ ಅಂಚಿಗೆ ಇಡುವುದು ಬಿಟ್ಟು ಅಂಗೈಯಲ್ಲಿ ಹಿಡಿದು, ನುಂಗುವವರೆಗೆ ಎದುರಿಗೆ ನಿಲ್ಲುತ್ತಿದ್ದೆ. ಮಾತಾಡದ ಗಂಡನಿಗೆ ಬೇಡ ಎನ್ನಲೂ ಬರುವುದಿಲ್ಲವಲ್ಲ, ಅದೊಂದು ಅನುಕೂಲ.

ಬೆಳಗಾವಿಯ ಡಾಕ್ಟರ ಹತ್ತಿರ ಕರೆದೊಯ್ದದ್ದು ಮಲ್ಲಪ್ಪ, ಜೊತೆಗೆ ನಾನೂ ಹೋದೆ. "ಅಣ್ಣಾ, ನೀ ಬರ್ತೀಯೋ, ಗುಂಡಕಲ್ಲ ಎತ್ತಿದಂಗ ಎತ್ತಿಕೊಂಡ ಒಯ್ಯಲೋ?" ಎಂದು ಬಾಗಿಲಲ್ಲಿ ನಿಂತ. ಅವನು ಎತ್ತಿಯಾನು ಎಂದು ಗೊತ್ತಿದ್ದುದರಿಂದ ಇವರು ಚಪ್ಪಲಿ ಮೆಟ್ಟಿದರು. ಅಲ್ಲಿ ಎದೆಗೆ ತಂತಿ ಹಚ್ಚಿ ನೋಡಿದರು, ಓಡುವ ಪಟ್ಟಿಯ ಮೇಲೆ ನಡೆಸಿದರು. ಸ್ವಲ್ಪ ನಡೆಯುವುದರೊಳಗೆ ನಿಲ್ಲಿಸಿ ಇಳಿಸಿಬಿಟ್ಟರು. ಡಾಕ್ಟರ ಮುಖ ಬಿಗಿಯಾಯಿತು. ಇಂಥ ಎದೆ ಹೊತ್ತು ಸಮುದ್ರದ ಬುಡಕ್ಕೆ ಹೊರಟಿದ್ದಿರಾ ಎಂದು ಕೇಳಿದರು. ರಕ್ತನಾಳವೊಂದು ಕಟ್ಟಿಕೊಂಡಂತಿದೆ, ಇವತ್ತೇ ಸೇರಿಸಿಕೊಳ್ಳುತ್ತೇವೆ, ಸ್ಪ್ರಿಂಗ್ ಹಾಕಬೇಕಾದೀತು ಎಂದರು. ಗುಣವಾದ ಮೇಲೆ ದಿನಾ ನಡೆಯಿರಿ, ಮೈ ಆಡಿಸಿ, ಆದರೆ ನಾನು ಹೇಳಿದಷ್ಟು, ನಾನು ಹೇಳಿದ ಹಾಗೆ ಎಂದೂ ಸೇರಿಸಿದರು.

ಆಮೇಲೆ ಸೇರಿಸಿಕೊಳ್ಳುವ ಕಾಗದ ತುಂಬಲು ಪೆನ್ನು ಹಿಡಿದು ಇವರನ್ನು ಕೇಳಿದರು, "ಈ ಎದೆನೋವು ಯಾವಾಗಿನಿಂದ? ಎಷ್ಟು ಹೊತ್ತು ಇರುತ್ತೆ? ಏನು ಮಾಡುವಾಗ ಬರುತ್ತೆ? ಮಾತ್ರೆ ಯಾವಾಗ ಬಿಟ್ಟಿರಿ?"

ನಮ್ಮವರು ಮಂಚದ ಮೇಲೆ ಅಂಗಿ ಇಲ್ಲದೆ ಕೂತಿದ್ದರು. ಎದೆಯ ಮೇಲೆ ತಂತಿ ಹಚ್ಚಿದ ಗುರುತುಗಳು. ಡಾಕ್ಟರನ್ನು ನೋಡಿದರು, ಗೋಡೆಯನ್ನು ನೋಡಿದರು. ಆಮೇಲೆ, ಆ ದೋಣಿಯ ನಂತರ ಮೊದಲ ಸಲ, ನನ್ನನ್ನು ನೋಡಿದರು.

"ನನ್ನನ್ನ ಕೇಳಬ್ಯಾಡ್ರಿ ಸಾಹೇಬ್ರ," ಎಂದರು. "ನಾ ಸುಳ್ಳ ಹೇಳ್ತೇನಿ. ಆಕೀನ ಕೇಳ್ರಿ."

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಖುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತು, ಮೊದಲಿನಿಂದ ಹೇಳತೊಡಗಿದೆ. ಇವರು ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ.